ಕಡ್ಡಿ ಮೇಡಂ ಕಿವಿಗೆ ಬಿದ್ದ ಜಾಹೀರಾತು

ನನಗೂ ನನ್ನ ಅತ್ತಿಗೆಗೂ ಎಣ್ಣೆ ಸೀಗೇಕಾಯಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ನಾನು ಅವಳನ್ನು ಹೊಗಳಲು ಕೂತಿದ್ದೇನೆ ಎಂದು ಯಾರಾದರೂ ಅಂದುಕೊಂಡಾರು. ಬಾಯಲ್ಲಿ ಅವಳನ್ನು 'ನೀವು' ಎನ್ನುತ್ತೇನೆ, ಅದು ಅಮ್ಮ ಕಲಿಸಿದ ಮರ್ಯಾದೆ. ಮನಸ್ಸಿನಲ್ಲಿ ಯಾವತ್ತೂ ಏಕವಚನವೇ. ಇಲ್ಲಿ ಮನಸ್ಸಿನಲ್ಲಿರುವುದನ್ನೇ ಬರೆಯುತ್ತೇನೆ.

ಅವಳಿಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಹಾಗೆಂದು ಅಯ್ಯೋ ಪಾಪ ಎನ್ನಲು ಬಂದವರು ಅವಳ ಬಾಯಿಗೆ ಸಿಕ್ಕಿ ಸುಮ್ಮನೆ ಹಿಂದಿರುಗಿದ್ದನ್ನು ನಾನೇ ಕಂಡಿದ್ದೇನೆ. ನನ್ನ ಅಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ ನಾನು ಅವಳ ಕೈ ಹಿಡಿದು ಬಚ್ಚಲು ತೋರಿಸಲು ಹೋದೆ. "ಬಚ್ಚಲು ಎಲ್ಲಿದೆ ಅಂತ ವಾಸನೇಲೇ ಗೊತ್ತಾಗ್ತಿದೆ ಬಿಡು. ತೊಳೆಯೋ ಪಾಳಿ ಯಾರದು?" ಅಂದಳು. ಪಾಳಿ ನನ್ನದೇ ಆಗಿತ್ತು. ನಮ್ಮಿಬ್ಬರ ಜಗಳಕ್ಕೆ ಶ್ರೀಕಾರ ಬಿದ್ದದ್ದು ಅಲ್ಲಿ, ಬಚ್ಚಲಿನ ಬಾಗಿಲಲ್ಲಿ.

ಆಮೇಲೆ ಮನೆಯಲ್ಲಿ ಒಂದು ಕುರ್ಚಿ ಗೇಣು ಸರಿಯುವ ಹಾಗಿಲ್ಲ. ಚಮಚ ಚಮಚದ ಜಾಗದಲ್ಲಿ, ಚಪ್ಪಲಿ ಚಪ್ಪಲಿಯ ಜಾಗದಲ್ಲಿ. ಗಂಡನ ಜೊತೆ ಏಗಲಾರದೆ ತವರಿಗೆ ಬಂದು ಕೂತ ನಾನು, ಇನ್ನು ಮೇಲಾದರೂ ಕಾಲು ಚಾಚಿ ಮಲಗೋಣ ಎಂದುಕೊಂಡಿದ್ದೆ. ನಡುಮನೆಯಲ್ಲಿ ಕಾಲು ಚಾಚಿದರೆ ಅವಳು ಎಡವುತ್ತಾಳೆ, ಎಡವಿದರೆ ನನ್ನ ಏಳು ತಲೆಮಾರು ಎದ್ದು ಕೂರುವಂತೆ ಬೈಯುತ್ತಾಳೆ. ಅಮ್ಮ ಯಾರ ಪರವೂ ಮಾತಾಡದೆ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾರೆ.

ಮನೆಯಲ್ಲಿ ಸಾಲದು ಎಂದು ಕೆಲಸದಲ್ಲೂ ಅವಳು ನನ್ನ ಪಕ್ಕದಲ್ಲೇ. ಇಬ್ಬರದೂ ಒಂದೇ ಆಸ್ಪತ್ರೆ. ನಾನು ಬಟ್ಟೆ ಉಗ್ರಾಣದಲ್ಲಿ. ವಾರ್ಡುಗಳಿಂದ ಇಳಿದು ಬರುವ ಹಾಸುಬಟ್ಟೆ, ದಿಂಬಿನ ಚೀಲ, ಹೊದಿಕೆಗಳನ್ನು ಬೇರೆ ಮಾಡಿ ಒಗೆಯಲು ಕಳಿಸುತ್ತೇನೆ, ಒಗೆದು ಬಂದದ್ದನ್ನು ಮಡಚಿ ಮೇಲಕ್ಕೆ ಕಳಿಸುತ್ತೇನೆ. ಅವಳು ವಿಚಾರಣೆ ಕೊಠಡಿಯಲ್ಲಿ, ಫೋನಿನ ಮುಂದೆ. ಎರಡರ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಅವಳು ಕೆಮ್ಮಿದರೂ ನನಗೆ ಕೇಳುತ್ತದೆ, ನಾನು ಆಕಳಿಸಿದರೂ ಅವಳಿಗೆ ಕೇಳುತ್ತದೆ.

ಅವಳ ಕೆಲಸದ ರೀತಿಯೇ ಬೇರೆ. ಬಲಗಿವಿಗೆ ಫೋನು, ಎಡಗಿವಿಗೆ ಲ್ಯಾಪ್‌ಟಾಪಿನ ಇಯರ್‌ಫೋನು. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಒಂದು ದನಿ ಆ ಲ್ಯಾಪ್‌ಟಾಪಿನಲ್ಲಿದೆ. ಅವಳು ಅದನ್ನು ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಾಳೆಂದರೆ, ನಮ್ಮಂಥವರಿಗೆ ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡ ಹಾಗೆ ಕೇಳುತ್ತದೆ. ಫೋನು ಮಾಡಿದವರು ರೋಗಿಯ ಹೆಸರು ಹೇಳುತ್ತಾರೆ, ಇವಳು ಟೈಪ್ ಮಾಡುತ್ತಾಳೆ, ದನಿ ವಾರ್ಡು, ಹಾಸಿಗೆ, ಸ್ಥಿತಿ ಎಂದು ಓದುತ್ತ ಹೋಗುತ್ತದೆ. ಇವಳು ಪೂರ್ತಿ ಕೇಳಿಸಿಕೊಂಡು ಆಮೇಲೆ ಹೇಳುವುದಿಲ್ಲ. ಕೇಳುತ್ತ ಕೇಳುತ್ತಲೇ ಹೇಳುತ್ತಾಳೆ, ದನಿಯ ಬೆನ್ನಿಗೆ ಇವಳ ಬಾಯಿ. ಕಣ್ಣಿದ್ದವರು ಓದಿ ಹೇಳುವುದಕ್ಕಿಂತ ಬೇಗ ಉತ್ತರ ಬರುತ್ತಿತ್ತು.

ಸಿಹಿ ಮಾತು ಮಾತ್ರ ಒಂದೂ ಇಲ್ಲ. "ಸ್ಥಿತಿ ಗಂಭೀರ. ಬೇಗ ಬನ್ನಿ." ಅಷ್ಟೇ, ಕಡ್ಡಿ ಮುರಿದ ಹಾಗೆ. ಅದಕ್ಕೇ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕಡ್ಡಿ ಮೇಡಂ ಎನ್ನುವುದು. ಆದರೆ ತಪ್ಪು ಮಾಹಿತಿ ಕೊಟ್ಟಳು ಎಂದು ಒಬ್ಬರೂ ದೂರಿರಲಿಲ್ಲ. ಆ ಒಂದು ಜಂಬ ಅವಳ ನೆತ್ತಿಯ ಮೇಲೆ ಸದಾ ಕೂತಿರುತ್ತಿತ್ತು. "ನಿನ್ನ ಉಗ್ರಾಣದಲ್ಲಿ ಒಂದು ದಿಂಬಿನ ಚೀಲ ಹೆಚ್ಚುಕಮ್ಮಿ ಆದ್ರೆ ಯಾರೂ ಸಾಯಲ್ಲ. ನನ್ನ ಬಾಯಲ್ಲಿ ಒಂದು ಮಾತು ಹೆಚ್ಚುಕಮ್ಮಿ ಆಗೋ ಹಾಗಿಲ್ಲ" ಎಂದು ಊಟಕ್ಕೆ ಕೂತಾಗಲೆಲ್ಲ ಚುಚ್ಚುತ್ತಿದ್ದಳು. ಆಗ ಮೈಯೆಲ್ಲ ಉರಿಯುತ್ತಿತ್ತು ನನಗೆ.

ಫೋನಿನ ಕೆಲಸಕ್ಕೆ ಎರಡು ಕಟ್ಟಳೆಗಳಿದ್ದವು. ರೋಗಿ ತೀರಿಕೊಂಡಿದ್ದರೆ ಅದನ್ನು ಫೋನಿನಲ್ಲಿ ಹೇಳಕೂಡದು, "ಡಾಕ್ಟರು ಮಾತಾಡ್ತಾರೆ, ಇರಿ" ಎಂದು ವಾರ್ಡಿಗೆ ಕೊಡಬೇಕು. ಇದು ಹಳೆಯದು. ಇನ್ನೊಂದು, ಸೂಪರಿಂಟೆಂಡೆಂಟ್ ಮೇಡಂ ಎಲ್ಲೋ ತರಬೇತಿಗೆ ಹೋಗಿ ಬಂದು ಜಾರಿ ಮಾಡಿದ್ದು. ಗುಣವಾಗಿ ಮನೆಗೆ ಹೊರಟವರ ಕಡತದಲ್ಲಿ ಸ್ಥಿತಿ ಎಂಬಲ್ಲಿ 'ಅಭಿನಂದನೆಗಳು, ಬಿಡುಗಡೆಗೆ ಸಿದ್ಧ' ಎಂದು ಬರುತ್ತಿತ್ತು. ಫೋನಿನವರು ಅದನ್ನು ಇದ್ದ ಹಾಗೇ ಹೇಳಬೇಕು. ಅತ್ತಿಗೆ ಅದನ್ನೂ ದಂಡ ಹಾಕುವವಳ ಹಾಗೆ ಹೇಳುತ್ತಿದ್ದಳು.

ಇನ್ನು ನನ್ನ ಅಣ್ಣ. ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಾನೆ. "ಬ್ರೇಕ್! ಬ್ರೇಕ್ ಮೇಲೆ ಕಾಲಿಡಿ!" ಎಂದು ದಿನವಿಡೀ ಬೇರೆಯವರ ಮೇಲೆ ಕೂಗುವವನಿಗೆ ರಿಯಾಯಿತಿ ಎಂಬ ಮಾತು ಕಂಡರೆ ತನ್ನ ಬ್ರೇಕು ಮರೆತುಹೋಗುತ್ತದೆ. ಬಿಚ್ಚಿದರೆ ಮುಚ್ಚದ ಕೊಡೆ, ತರಕಾರಿ ಬಿಟ್ಟು ಬೆರಳನ್ನೇ ಹೆಚ್ಚುವ ಯಂತ್ರ, ಕತ್ತಲಲ್ಲಿ ತಾನಾಗಿ ಹೊತ್ತಿಕೊಂಡು ಹಗಲಲ್ಲೂ ಆರದ ದೀಪ, ಎಲ್ಲವೂ ನಮ್ಮ ಮನೆಯಲ್ಲಿವೆ. ಅಗ್ಗಕ್ಕೆ ಸಿಕ್ಕಿತು ಎಂದು ಹಲ್ಲು ಕಿರಿಯುತ್ತಾನೆ. ಅವನನ್ನು ಕಂಡರೆ ನನಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಎತ್ತಿ ಕುಕ್ಕಬೇಕೆನಿಸುವ ಪ್ರೀತಿ.

ಆಸ್ಪತ್ರೆಯ ಲ್ಯಾಪ್‌ಟಾಪನ್ನು ಅತ್ತಿಗೆ ದಿನಾ ಸಂಜೆ ಮನೆಗೆ ತರುತ್ತಿದ್ದಳು. ಅಲ್ಲೇ ಬಿಟ್ಟು ಬಂದರೆ ಯಾರಾದರೂ ದನಿಯ ವೇಗ ತಿರುಚಿಡುತ್ತಾರೆ ಎಂಬ ಅನುಮಾನ ಅವಳಿಗೆ. ಹೊರಗಿನವರನ್ನು ಅನುಮಾನಿಸುವುದರಲ್ಲಿ ಅವಳಷ್ಟು ಜಾಣೆ ಇಲ್ಲ. ಮನೆಯವರ ವಿಷಯದಲ್ಲೇ ಎಡವಿದಳು.

ಒಂದು ದಿನ ಹಲಗೆಯ ಆಚೆಯಿಂದ ಅವಳು, "ಏನಿದು ಕರ್ಮ!" ಎಂದು ಗದರಿದ್ದು ಕೇಳಿಸಿತು. ಯಾರದೋ ವಾರ್ಡು ಹುಡುಕುವಾಗ ವಾರ್ಡಿಗೂ ಹಾಸಿಗೆಗೂ ನಡುವೆ ದನಿ, "ಕೂದಲು ಉದುರುತ್ತಿದೆಯೇ?" ಎಂದು ಕೇಳಿತಂತೆ. ಮರುದಿನ ಸಾಲ ಬೇಕೇ ಎಂದಿತು. ಅದರ ಮರುದಿನ ಹೊಟ್ಟೆ ಕರಗಿಸುವ ಬೆಲ್ಟು. ಯಾವ ಪುಟ ತೆರೆದರೂ ಎಲ್ಲಿಂದಲೋ ಒಂದು ಜಾಹೀರಾತು ನುಗ್ಗಿ ರೋಗಿಗಳ ನಡುವೆ ಕೂರುತ್ತಿತ್ತು. ಪ್ರತಿ ಸಲ ಅವಳು ತುಟಿ ಕಚ್ಚಿ, ಅದನ್ನು ದಾಟಿಸಿ, ಮುಂದಿನದ್ದನ್ನು ಹೇಳಬೇಕಾಗುತ್ತಿತ್ತು. ಅವಳ ವೇಗ ಕುಂಟತೊಡಗಿತು. ಸಂಜೆ ಮನೆಗೆ ಬರುವಾಗ ಮುಖ ಕೆಂಡ.

ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಕರೆಸಿದಳು. ಅವನು ಚಹಾದ ಲೋಟ ಹಿಡಿದುಕೊಂಡೇ ಬಂದು, ಬಗ್ಗಿ ನೋಡಿ, "ಇದಾ? ಎಲ್ಲರಿಗೂ ಬರುತ್ತೆ ಮೇಡಂ. ಮೂಲೇಲಿ ಒಂದು ಸಣ್ಣ ಡಬ್ಬಿ ಅಷ್ಟೇ. ನೋಡಿಯೂ ನೋಡದ ಹಾಗೆ ಇದ್ದುಬಿಡಿ" ಅಂದ.

"ಯಾರಿಗೆ ಹೇಳ್ತಿದ್ದೀರಿ ಅಂತ ಗೊತ್ತಾ?" ಅಂದಳು ಅತ್ತಿಗೆ.

ಅವನಿಗೆ ಆಗಲೂ ಅರ್ಥವಾಗಲಿಲ್ಲ. ಕಣ್ಣಿದ್ದವರಿಗೆ ಅದು ಮೂಲೆಯ ಡಬ್ಬಿ. ಸಾಲುಸಾಲಾಗಿ ಓದುವ ದನಿಗೆ ಮೂಲೆ ಎಂಬುದಿಲ್ಲ, ಬಂದದ್ದೆಲ್ಲ ನಟ್ಟನಡುವೆಯೇ. "ನಿಮ್ಮ ಕಿವೀಲಿ ನಿಂತ್ಕೊಂಡು ಯಾರಾದ್ರೂ ಸೋಪು ಮಾರಿದ್ರೆ ಕೇಳಿಯೂ ಕೇಳದ ಹಾಗೆ ಇರ್ತೀರಾ?" ಎಂದು ಅವಳು ಕೇಳುವಷ್ಟರಲ್ಲಿ ಅವನು ಲೋಟ ಎತ್ತಿಕೊಂಡು ಹೋಗಿಯಾಗಿತ್ತು. ನಾನು ಹಲಗೆಯ ಈಚೆ ನಕ್ಕೆ. ಅವಳಿಗೂ ಒಬ್ಬ ಕಿರುಕುಳ ಕೊಡುವವನು ಸಿಕ್ಕನಲ್ಲ ಎಂದು ಒಳಗೊಳಗೇ ಖುಷಿಯಾಗಿತ್ತು.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆಯ ಒಬ್ಬಾಕೆ ಒಂದು ಬೆಳಿಗ್ಗೆ ತೀರಿಕೊಂಡರು. ಆಕೆಯ ಗಂಡ ಬೀಗ ರಿಪೇರಿ ಮಾಡುವವರು. ರಾತ್ರಿಯೆಲ್ಲ ಹಾಸಿಗೆಯ ಪಕ್ಕ ಕೂತಿದ್ದು, ಸ್ನಾನ ಮಾಡಿ ಅಂಗಡಿಯ ಬಾಗಿಲು ತೆಗೆದು ಬರುತ್ತೇನೆಂದು ಮನೆಗೆ ಹೋಗಿದ್ದರು. ಆ ನಡುವೆಯೇ ಜೀವ ಹೋಗಿತ್ತು. ವಾರ್ಡಿನವರು ಅವರಿಗೆ ತಿಳಿಸುವ ಮೊದಲೇ ಅವರು ವಿಚಾರಣೆಗೆ ಫೋನು ಮಾಡಿ, ಬರುವಾಗ ಏನಾದರೂ ತರಬೇಕೇ ಎಂದು ಕೇಳಿದರು. ಅತ್ತಿಗೆ ಆಕೆಯ ಹೆಸರು ಟೈಪ್ ಮಾಡಿದಳು. ದನಿ ಓದಿತು. ಹೆಂಗಸರ ವಾರ್ಡು, ಕಿಟಕಿ ಪಕ್ಕದ ಹಾಸಿಗೆ, ಸ್ಥಿತಿ. ಮರಣ ಎಂಬ ಮಾತು ಬರಬೇಕಾದ ಜಾಗಕ್ಕೆ ಒಂದು ಜಾಹೀರಾತು ಮುನ್ನುಗ್ಗಿತು. "ಅಭಿನಂದನೆಗಳು! ಇಂದಿನ ಅದೃಷ್ಟಶಾಲಿ ಗ್ರಾಹಕರು ನೀವೇ!"

ದನಿಯ ಬೆನ್ನಿಗೆ ಅವಳ ಬಾಯಿ. "ಸ್ಥಿತಿ, ಅಭಿನಂದನೆಗಳು" ಅಂದಳು.

ಮುಂದಿನ ಮಾತು ಕಿವಿಗೆ ಬಿದ್ದ ಕೂಡಲೇ ನಾಲಿಗೆ ತಡೆದಳು. ಅಷ್ಟರಲ್ಲಿ ಆ ಕಡೆಯವರು, "ಅಯ್ಯೋ, ನಿಮ್ಮ ಬಾಯಿಗೆ ಸಕ್ಕರೆ ಹಾಕ ತಾಯಿ!" ಎಂದು ಫೋನು ಇಟ್ಟುಬಿಟ್ಟಿದ್ದರು.

"ಹಲೋ? ಇಡಬೇಡಿ! ಕೇಳಿ ಇಲ್ಲಿ, ಹಲೋ!" ಅವಳ ದನಿ ಅಷ್ಟು ಮೇಲೇರಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಮತ್ತೆ ಮತ್ತೆ ಆ ನಂಬರ್ ಒತ್ತಿದಳು. ಸಿಗಲಿಲ್ಲ. ಸಿಗುವುದು ಹೇಗೆ? ಆ ಮನುಷ್ಯ ಬಂಧುಗಳಿಗೆಲ್ಲ ಒಬ್ಬೊಬ್ಬರಿಗಾಗಿ ಫೋನು ಮಾಡಿ, ಅವಳು ಮನೆಗೆ ಬರುತ್ತಾಳೆ ಎಂದು ಹೇಳುತ್ತಿದ್ದರು. ಮೊದಲು ಹೇಳಿದ್ದು ಮಗಳಿಗೆ.

ಮಗಳು ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಗೆ ಹತ್ತಿರ. ತಂದೆಗಿಂತ ಮೊದಲು ಬಂದಳು. ತಾಯಿ ಆಸ್ಪತ್ರೆಗೆ ಸೇರಿದ ದಿನದಿಂದ ಮನೆಗೆ ಕರೆದೊಯ್ಯುವ ದಿನಕ್ಕೆಂದು ಒಂದು ಚೀಲದಲ್ಲಿ ಒಳ್ಳೆಯ ಬಟ್ಟೆ ಹಾಕಿ ತನ್ನ ಕೆಲಸದ ಮೇಜಿನ ಕೆಳಗೇ ಇಟ್ಟುಕೊಂಡಿದ್ದಳಂತೆ. ವಾರ್ಡಿನಲ್ಲಿ ನೋಡಿದರೆ ಹಾಸಿಗೆ ಖಾಲಿ. ಅಲ್ಲಿದ್ದ ಆಯಾ, "ಅದನ್ನೆಲ್ಲ ಕೆಳಗೆ ಬಟ್ಟೆ ಉಗ್ರಾಣಕ್ಕೆ ಕಳಿಸಿಯಾಯ್ತು" ಅಂದಳಂತೆ. ಅವಳು ಹೇಳಿದ್ದು ಹಾಸುಬಟ್ಟೆಯ ಮಾತು. ತಾಯಿಯನ್ನೇ ಕೆಳಗೆ ಕಳಿಸಿದ್ದಾರೆ ಎಂದುಕೊಂಡು ಮಗಳು ನೇರ ನನ್ನ ಹತ್ತಿರ ಬಂದಳು.

"ಕಿಟಕಿ ಪಕ್ಕದ ಹಾಸಿಗೆಯವರು ಎಲ್ಲಿ? ನಮ್ಮಮ್ಮ. ಕರ್ಕೊಂಡು ಹೋಗೋಕೆ ಬಂದಿದ್ದೀನಿ."

ಓಡಿ ಬಂದು ಏದುಸಿರು ಬಿಡುತ್ತಿದ್ದಳು, ಮುಖದ ತುಂಬ ನಗು. ತೀರಿಕೊಂಡವರ ಹಾಸಿಗೆಯ ಬಟ್ಟೆಯನ್ನು ನಮ್ಮಲ್ಲಿ ಬೇರೆ ಗಂಟು ಮಾಡಿ ಕಪ್ಪು ದಾರ ಕಟ್ಟುತ್ತಾರೆ. ಆ ಗಂಟು ನನ್ನ ಕೈಯಲ್ಲೇ ಇತ್ತು. ಅವಳು ನನ್ನ ಮುಖ ನೋಡಿದಳು, ಗಂಟು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಚೀಲ ನನ್ನ ಮೇಜಿನ ಮೇಲೆ ಜಾರಿ ಬಿತ್ತು. ಹಿರಿಯ ನರ್ಸ್ ಬಂದು ಅವಳನ್ನು ತೋಳು ಹಿಡಿದು ಕರೆದುಕೊಂಡು ಹೋದರು. ಚೀಲ ಅಲ್ಲೇ ಉಳಿಯಿತು.

ಆಮೇಲೆ ತಂದೆ ಬಂದರು. ಅವರ ಕೈಯಲ್ಲಿ ಹೂವಿತ್ತು. ಪಡಸಾಲೆಯಲ್ಲಿ ಎಲ್ಲರ ಎದುರು ಮಗಳು ಅವರಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. "ನಿಮಗೆ ಗೊತ್ತಿತ್ತು ಅಪ್ಪ. ನಾನು ದಾರೀಲಿ ಅಳ್ತೀನಿ ಅಂತ ಸುಳ್ಳು ಹೇಳಿ ಕರೆಸಿದ್ರಿ. ಅಮ್ಮನ ವಿಷಯದಲ್ಲೂ ಸುಳ್ಳು ಹೇಳಿದ್ರಲ್ಲ?" ಅವರು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಆಸ್ಪತ್ರೆಯವರು ಸತ್ತವರಿಗೆ ಅಭಿನಂದನೆ ಹೇಳುತ್ತಾರೆಂದರೆ ಯಾರಾದರೂ ನಂಬುತ್ತಾರೆಯೇ? ಅಂದಿನಿಂದ ಅವಳು ತಂದೆಯ ಜೊತೆ ಮಾತು ಬಿಟ್ಟಳು.

ಕೆಲವು ದಿನಗಳ ಮೇಲೆ ಆ ಮನುಷ್ಯ ಸೂಪರಿಂಟೆಂಡೆಂಟ್ ಮೇಡಂ ಕೊಠಡಿಗೆ ಬಂದರು. ಮೆತ್ತಗಿನ ಮನುಷ್ಯ, ಕೂಗಿ ಅಭ್ಯಾಸವಿಲ್ಲದ ಗಂಟಲು, ಕೂಗಿದಾಗ ಒಡೆದು ಹೋಗುತ್ತಿತ್ತು. "ನನಗೆ ಪರಿಹಾರ ಬೇಡ, ಏನೂ ಬೇಡ. ಆ ಫೋನಿನವರು ನನ್ನ ಮಗಳಿಗೆ ಒಂದು ಮಾತು ಹೇಳ್ಲಿ, ನಿಮ್ಮಪ್ಪನಿಗೆ ಹಾಗೆ ಹೇಳಿದ್ದು ನಾನೇ ಅಂತ. ಅಷ್ಟು ಹೇಳ್ಲಿ ಸಾಕು. ನನಗೆ ಉಳಿದಿರೋಳು ಅವಳೊಬ್ಬಳು."

ಮೇಡಂ ವಿಚಾರಿಸುತ್ತೇವೆ ಎಂದು ಕಳಿಸಿದರು. ವಿಚಾರಿಸಿದ್ದು ಇಷ್ಟೇ. ಲ್ಯಾಪ್‌ಟಾಪ್ ಸರಿಯಾಗಿದೆ ಎಂದು ಆ ಚಹಾ ಲೋಟದವನು ಹೇಳಿದ. ಹಾಗಾದರೆ ತಪ್ಪು ಕಡ್ಡಿ ಮೇಡಮ್ಮಿನದೇ ಎಂದಾಯಿತು. ಫೋನಿನ ಕುರ್ಚಿಯಲ್ಲಿ ಬೇರೆ ಒಬ್ಬಳನ್ನು, ಜೇನು ಸುರಿಯುವ ಹಾಗೆ ಮಾತಾಡುವವಳನ್ನು ಕೂರಿಸಿದರು. ಅತ್ತಿಗೆಯನ್ನು ಎಲ್ಲಿಗೆ ಹಾಕಿದರು ಗೊತ್ತೇ? ನನ್ನ ಉಗ್ರಾಣಕ್ಕೆ, ಹಾಸುಬಟ್ಟೆ ಮಡಚಲು.

ಆ ದಿನಗಳು ನನ್ನ ಶತ್ರುವಿಗೂ ಬೇಡ. ಮನೆಯಲ್ಲಿ ಅವಳು, ದಾರಿಯಲ್ಲಿ ಅವಳು, ಈಗ ಮೇಜಿನ ಎದುರಿಗೂ ಅವಳೇ. ದೊಡ್ಡ ಹಾಸುಬಟ್ಟೆಯನ್ನು ಮಡಚಲು ಇಬ್ಬರು ಬೇಕು, ಆಚೆ ಎರಡು ಮೂಲೆ ಒಬ್ಬರು, ಈಚೆ ಎರಡು ಮೂಲೆ ಒಬ್ಬರು. ಅವಳು ಬಟ್ಟೆಯನ್ನು ಎಳೆಯುತ್ತಿದ್ದ ರಭಸಕ್ಕೆ ನನ್ನ ಹೆಗಲು ಕೀಲು ತಪ್ಪಬೇಕು. "ಸಡಿಲ ಬಿಡ್ತೀಯಲ್ಲ, ಊಟ ಮಾಡಿಲ್ವಾ?" ಎನ್ನುತ್ತಿದ್ದಳು. "ಇದು ಹಗ್ಗ ಜಗ್ಗೋ ಆಟ ಅಲ್ಲ ಅತ್ತಿಗೆ" ಎಂದರೆ ಇನ್ನೂ ಜೋರಾಗಿ ಎಳೆಯುತ್ತಿದ್ದಳು. ಹಲಗೆಯ ಆಚೆ ಹೊಸಬಳು, "ನಮಸ್ಕಾರ, ತಮಗೆ ಹೇಗೆ ಸಹಾಯ ಮಾಡಲಿ?" ಎಂದು ರಾಗ ಎಳೆದಾಗಲೆಲ್ಲ ಅತ್ತಿಗೆಯ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಹೊಸಬಳು ಬಹಳ ಮರ್ಯಾದೆಯಿಂದ ತಪ್ಪು ವಾರ್ಡು ಹೇಳುತ್ತಿದ್ದಳು.

ಮಗಳ ಚೀಲ ನನ್ನ ಕಪಾಟಿನಲ್ಲೇ ಇತ್ತು. ಒಂದು ದಿನ ಅತ್ತಿಗೆಯ ಕೈ ಅದಕ್ಕೆ ತಗಲಿತು. ಮೆಲ್ಲಗೆ ತಡವಿ, "ಇದು ಆಸ್ಪತ್ರೆ ಬಟ್ಟೆ ಅಲ್ಲ. ಯಾರದು?" ಅಂದಳು. ಹೇಳಿದೆ. ಅವಳು ಚೀಲದ ಮೇಲಿಟ್ಟ ಕೈ ತೆಗೆಯಲಿಲ್ಲ. "ಏ, ನಿನ್ನ ಕಣ್ಣು ಸ್ವಲ್ಪ ಕೊಡು" ಅಂದಳು. ಅವಳು ನಮ್ಮ ಮನೆಗೆ ಬಂದ ಮೇಲೆ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಕೇಳುವಾಗಲೂ ಅಪ್ಪಣೆ ಕೊಡುವವಳ ಹಾಗೆಯೇ.

ಲ್ಯಾಪ್‌ಟಾಪ್ ಅವಳ ಹತ್ತಿರವೇ ಇತ್ತು, ಬೇರೆ ಯಾರಿಗೂ ಅದು ಬೇಕಾಗಿರಲಿಲ್ಲ. ಇಯರ್‌ಫೋನು ಕಿತ್ತು ದನಿಯನ್ನು ಹೊರಗೆ ಬಿಟ್ಟಳು. ನಾನು ಬ್ರೌಸರ್ ತೆರೆದೆ. ಜಾಹೀರಾತು ಆಸ್ಪತ್ರೆಯ ಪುಟದಲ್ಲಿ ಮಾತ್ರವಲ್ಲ, ಯಾವ ಪುಟ ತೆರೆದರೂ ಬರುತ್ತಿತ್ತು. ಹಾಗಾದರೆ ರೋಗ ಬ್ರೌಸರಿನ ಒಳಗೇ ಇದೆ ಎಂದಳು. ಎಕ್ಸ್‌ಟೆನ್ಶನ್‌ಗಳ ಪಟ್ಟಿ ಹುಡುಕಿದೆವು. ಬ್ರೌಸರಿಗೆ ನಾವೇ ಅಂಟಿಸಿಕೊಳ್ಳುವ ಪುಟ್ಟ ಪುಟ್ಟ ಉಪಕರಣಗಳು ಅವು. ಒಂದೇ ಒಂದಿತ್ತು, ನಗುವ ಹಂದಿಮರಿಯ ಚಿತ್ರ, ಹೆಸರು 'ಉಳಿತಾಯ ಮಿತ್ರ'. ಎಲ್ಲ ಪುಟಗಳನ್ನೂ ಓದಲು, ಬದಲಿಸಲು ಅನುಮತಿ ಪಡೆದಿದೆ ಎಂದು ಅದರ ಕೆಳಗೇ ಬರೆದಿತ್ತು. "ಯಾವ ಬೇವರ್ಸಿ ಕೊಟ್ಟ ಅನುಮತಿ?" ಎಂದಳು. ತೆಗೆದು ಹಾಕಿದೆವು. ಜಾಹೀರಾತು ನಿಂತಿತು.

ಮರುದಿನ ಮತ್ತೆ ಬಂದು ಕೂತಿತ್ತು, ಅದೇ ಹಂದಿಮರಿ, ಅದೇ ನಗು.

ಈ ಸಲ ಅವಳು ಕೀಲಿಗಳನ್ನು ಒಂದೊಂದಾಗಿ ಒತ್ತುತ್ತ ಬ್ರೌಸರಿನ ಮೂಲೆ ಮೂಲೆಯನ್ನೂ ದನಿಯಿಂದ ಓದಿಸಿದಳು. ಎಲ್ಲಕ್ಕಿಂತ ಮೇಲೆ, ನಾನು ಕಣ್ಣಿದ್ದೂ ಗಮನಿಸದ ಒಂದು ಪುಟ್ಟ ವೃತ್ತವಿತ್ತು. ದನಿ ಅದನ್ನು ಓದಿತು. ಒಳಗಿರುವ ಖಾತೆ, ಮತ್ತು ನನ್ನ ಅಣ್ಣನ ಹೆಸರು. ಅವಳು ಮತ್ತೆ ಒತ್ತಿದಳು. ದನಿಗೇನು, ನಾಚಿಕೆಯೇ ಮಾನವೇ, ಮತ್ತೆ ಅಣ್ಣನ ಹೆಸರು ಹೇಳಿತು. ಅವಳು ಲ್ಯಾಪ್‌ಟಾಪ್ ಮುಚ್ಚಿ ಹಾಸುಬಟ್ಟೆ ಕೈಗೆತ್ತಿಕೊಂಡಳು. ಅಂದು ಒಂದು ಸಲವೂ ಜೋರಾಗಿ ಎಳೆಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ಸಂಜೆ ಊಟಕ್ಕೆ ಕೂತಾಗ ಕೇಳಿದಳು. "ರೀ, ನನ್ನ ಲ್ಯಾಪ್‌ಟಾಪಲ್ಲಿ ಏನು ಕೊಂಡ್ರಿ?"

ಅಣ್ಣ ತುತ್ತು ನುಂಗಿದ. "ಯಾವಾಗಲೋ ಒಂದ್ಸಲ, ನೀನು ಸ್ನಾನಕ್ಕೆ ಹೋದಾಗ. ಬೂಟು. ಆ ಉಳಿತಾಯ ಮಿತ್ರ ಹಾಕ್ಕೊಂಡ್ರೆ ಅರ್ಧ ಬೆಲೆ ಅಂತ ಇತ್ತು. ಅನುಮತಿ ಕೊಡ್ತೀರಾ ಅಂತ ಕೇಳ್ತು, ಕೊಟ್ಟೆ. ಅದಕ್ಕೇನೀಗ?"

"ನಿನ್ನೆ ನಾವು ಅದನ್ನ ತೆಗೆದ್ವಿ. ಇವತ್ತು ಹೇಗೆ ಬಂತು?"

"ಓ, ನೀವಾ ತೆಗೆದದ್ದು?" ಅಣ್ಣನ ಮುಖ ನಿಜಕ್ಕೂ ಅರಳಿತು. "ಶಾಲೆ ಕಂಪ್ಯೂಟರಲ್ಲೂ ಮಾಯ ಆಗಿಬಿಟ್ಟಿತ್ತು, ಎರಡೂ ಕಡೆ ನನ್ನದೇ ಖಾತೆ ಅಲ್ವಾ. ಏನಾಯ್ತಪ್ಪ ಅಂತ ನಾನೇ ಮತ್ತೆ ಹಾಕಿದೆ. ಅಲ್ಲಿ ಹಾಕಿದ್ರೆ ಇಲ್ಲೂ ಬರುತ್ತೆ."

ಅಗ್ಗದ ಬೂಟು ಬಾಗಿಲ ಹಿಂದೆ ಬಿದ್ದಿತ್ತು. ಬೆರಳು ಕಚ್ಚುತ್ತದೆ ಎಂದು ಅವನು ಹಾಕುವುದನ್ನೇ ಬಿಟ್ಟಿದ್ದ, ಅಂಗಡಿಯವರು ವಾಪಸು ತೆಗೆದುಕೊಂಡಿರಲಿಲ್ಲ. ಅತ್ತಿಗೆ ಆ ಬೆಳಿಗ್ಗೆ ಫೋನಿನಲ್ಲಿ ಆದದ್ದನ್ನು, ಮಗಳು ನನ್ನ ಮೇಜಿಗೆ ಬಂದದ್ದನ್ನು, ತಂದೆ ಕೂಗಿದ್ದನ್ನು ಹೇಳಿದಳು. ಅಣ್ಣ, "ಒಂದು ಸಣ್ಣ ಜಾಹೀರಾತಿಗೆ ಇಷ್ಟೆಲ್ಲಾನಾ? ನೀನು ಸ್ವಲ್ಪ ನಿಧಾನ ಕೇಳಿ ಹೇಳಬೇಕಿತ್ತು" ಅಂದ.

ನನ್ನ ಪಿತ್ತ ನೆತ್ತಿಗೇರಿತು. "ತಟ್ಟೆ ಎತ್ತಿ ನಿನ್ನ ತಲೆ ಮೇಲೆ ಸುರೀತೀನಿ ನೋಡು" ಅಂದೆ. ಅಮ್ಮ, "ಅವನಿಗೆ ಗೊತ್ತಿರಲಿಲ್ಲ ಕಣೇ, ಮನೆ ಮಾತು ಹೊರಗೆ ಹೋಗೋದು ಬೇಡ" ಅಂದರು. ಅತ್ತಿಗೆ ಕೈ ತೊಳೆದು ಎದ್ದಳು.

ಮರುದಿನ ಇಬ್ಬರೂ ಸೂಪರಿಂಟೆಂಡೆಂಟ್ ಮೇಡಂ ಬಳಿ ಹೋದೆವು. ಹಂದಿಮರಿಯನ್ನು ತೋರಿಸಿದೆ. ಚಹಾ ಲೋಟದವನು ಗೋಡೆ ನೋಡಿದ. ಮೇಡಂ ಬೇಗ ಲೆಕ್ಕ ಹಾಕಿದರು. "ಸರಿ. ತಾಂತ್ರಿಕ ದೋಷ ಅಂತ ಬರೆದು ಮುಗಿಸೋಣ. ನಾಳೆಯಿಂದ ನಿಮ್ಮ ಕುರ್ಚಿಗೆ ಬನ್ನಿ. ಆದರೆ ಆ ಮನೆಯವರ ಜೊತೆ ಒಂದು ಅಕ್ಷರ ಆಡಕೂಡದು. ತಪ್ಪು ಒಪ್ಪಿಕೊಂಡ ಹಾಗಾಗುತ್ತೆ, ಕೋರ್ಟಿಗೆ ಹೋದರೆ ನನ್ನ ತಲೆ ಹೋಗುತ್ತೆ. ಆಡಿದ್ರೋ, ಮತ್ತೆ ಜೀವಮಾನದಲ್ಲಿ ಫೋನ್ ಮುಟ್ಟೋ ಹಾಗಿಲ್ಲ."

"ಆ ಹುಡುಗಿಗೆ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲ. ದಿನ ಹೋದ ಹಾಗೆ ಸರಿಹೋಗುತ್ತೆ."

ಅತ್ತಿಗೆ ಕೋಲು ಹಿಡಿದು ಎದ್ದಳು. ಹೊರಗೆ ಬಂದಾಗ ನಾನು, "ಸದ್ಯ, ನನ್ನ ಹೆಗಲು ಉಳೀತು" ಅಂದೆ.

ಮರುದಿನ ಬೆಳಿಗ್ಗೆ ಹಲಗೆಯ ಆಚೆ ಕುರ್ಚಿ ಎಳೆದ ಸದ್ದು, ಅವಳ ಆ ಒಣ ಕೆಮ್ಮು. ಕುರ್ಚಿಯ ಎತ್ತರ ಸರಿಮಾಡಿಕೊಂಡಳು, ಮೇಜಿನ ಮೇಲೆ ಹೊಸಬಳು ಬಿಟ್ಟುಹೋದ ಪೌಡರ್ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದಳು. ಅವಳಿಗೆ ಆ ಜಾಗವೆಂದರೆ ಪ್ರಾಣ ಎಂದು ನನಗೆ ಗೊತ್ತಿತ್ತು. ಆ ಕುರ್ಚಿಯಲ್ಲಿ ಕೂತಾಗ ಅವಳನ್ನು ಯಾರೂ ಕೈ ಹಿಡಿದು ನಡೆಸಬೇಕಿರಲಿಲ್ಲ, ಇಡೀ ಆಸ್ಪತ್ರೆಗೆ ಅವಳೇ ದಾರಿ ಹೇಳುತ್ತಿದ್ದಳು. ಇನ್ನೇನು ಫೋನು ರಿಂಗಾಗುತ್ತದೆ ಎಂದು ನಾನೂ ಕಾಯುತ್ತಿದ್ದೆ. ರಿಂಗಾಗುವ ಮೊದಲೇ, ತೀರಿಕೊಂಡಾಕೆಯ ಕಡತದಲ್ಲಿದ್ದ ಮಗಳ ನಂಬರನ್ನು ಅವಳು ತಾನೇ ಒತ್ತಿದಳು.

"ನಾನು ಆಸ್ಪತ್ರೆ ವಿಚಾರಣೆಯಿಂದ ಮಾತಾಡ್ತಿರೋದು. ಇಡಬೇಡಿ, ಪೂರ್ತಿ ಕೇಳಿ. ನಿಮ್ಮಪ್ಪ ನಿಮಗೆ ಸುಳ್ಳು ಹೇಳಲಿಲ್ಲ. ಅವರಿಗೆ ಅಭಿನಂದನೆಗಳು ಅಂದವಳು ನಾನು. ನನಗೆ ಕಣ್ಣು ಕಾಣಲ್ಲ, ಕಂಪ್ಯೂಟರ್ ಓದಿದ್ದನ್ನ ಕೇಳ್ತಾ ಹೇಳ್ತೀನಿ. ನನ್ನ ಗಂಡ ಒಂದು ಜೊತೆ ಬೂಟು ಅಗ್ಗಕ್ಕೆ ಸಿಗುತ್ತೆ ಅಂತ ಅದರೊಳಗೆ ಒಂದು ದರಿದ್ರ ಜಾಹೀರಾತು ಬಿಟ್ಟುಕೊಂಡಿದ್ದ. ನಿಮ್ಮಮ್ಮನ ಹೆಸರಿನ ಮುಂದೆ ಅದು ಬಂತು. ನಾನು ಹೇಳಿಬಿಟ್ಟೆ. ಅವರು ಅದನ್ನ ನಂಬಿ ನಿಮಗೆ ಹೇಳಿದ್ರು."

ಆ ಕಡೆಯಿಂದ ಏನೋ ಕೇಳಿರಬೇಕು.

"ಹೌದು. ಅಷ್ಟೊತ್ತಿಗಾಗಲೇ ತೀರಿಕೊಂಡಿದ್ರು."

ನಾನು ಮಡಚುತ್ತಿದ್ದ ದಿಂಬಿನ ಚೀಲವನ್ನು ಹಾಗೇ ಹಿಡಿದು ನಿಂತಿದ್ದೆ.

"ಕ್ಷಮಿಸಿ ಅಂತ ಕೇಳೋಕೆ ಫೋನ್ ಮಾಡಿದ್ದಲ್ಲ" ಅಂದಳು ಕೊನೆಗೆ. ದನಿ ಒಂದಿಷ್ಟೂ ಮೆತ್ತಗಾಗಿರಲಿಲ್ಲ. "ಕ್ಷಮಿಸೋದು ಬಿಡೋದು ನಿಮ್ಮ ಇಷ್ಟ. ನಿಮ್ಮಪ್ಪನ ಹತ್ರ ಮಾತಾಡಿ."

ಫೋನು ಇಟ್ಟು, ಕೋಲು ತೆಗೆದುಕೊಂಡು, ತಾನೇ ಸೂಪರಿಂಟೆಂಡೆಂಟ್ ಕೊಠಡಿಗೆ ಹೋಗಿ ಹೇಳಿ ಬಂದಳು. ಬೇರೆಯವರು ಹೋಗಿ ಚಾಡಿ ಹೇಳುವ ಸುಖವನ್ನೂ ಯಾರಿಗೂ ಬಿಟ್ಟುಕೊಡಲಿಲ್ಲ. ಮಧ್ಯಾಹ್ನಕ್ಕೆಲ್ಲ ನನ್ನ ಮೇಜಿನ ಎದುರಿದ್ದಳು. ಜೇನಿನವಳು ಮತ್ತೆ ರಾಗ ಶುರು ಮಾಡಿದ್ದಳು.

"ಬುದ್ಧಿ ಇದೆಯಾ ನಿಮಗೆ?" ಎಂದು ನಾನು ರೇಗಿದೆ. "ಒಂದು ಕಾಗದ ಹಾಕಬಹುದಿತ್ತು, ಹೆಸರಿಲ್ಲದೆ. ನನ್ನ ಕೈಲಿ ಹೇಳಿಸಬಹುದಿತ್ತು. ಆ ಕುರ್ಚೀಲೇ ಕೂತ್ಕೊಂಡು, ಆ ಫೋನಲ್ಲೇ ಹೇಳಬೇಕಿತ್ತಾ?"

"ತಪ್ಪು ಹೇಳಿದ್ದು ಅಲ್ಲಿಂದಲೇ ಅಲ್ವಾ?" ಅಂದಳು. "ಬಟ್ಟೆ ಹಿಡಿ."

ಮನೆಯಲ್ಲಿ ಅಣ್ಣ ಮುಖ ಊದಿಸಿಕೊಂಡ. "ಊರಿಗೆಲ್ಲ ನನ್ನ ಹೆಸರು ಹೇಳಿಬಿಟ್ಯಲ್ಲ."

"ಹೆಸರು ಹೇಳಿಲ್ಲ, ಬೂಟು ಹೇಳಿದೆ" ಅಂದಳು ಅತ್ತಿಗೆ. ಅವನು ಆ ಬೂಟನ್ನು ಒಂದು ದಿನ ಸದ್ದಿಲ್ಲದೆ ಯಾರಿಗೋ ಕೊಟ್ಟುಬಿಟ್ಟ. ಹಂದಿಮರಿಯನ್ನೂ ತೆಗೆದ, ನಾನು ಪಕ್ಕದಲ್ಲಿ ನಿಂತು ತೆಗೆಸಿದೆ. ಹೆಂಡತಿಯ ಮುಂದೆ ಈಗಲೂ ತಲೆ ಎತ್ತಿ ಮಾತಾಡುವುದಿಲ್ಲ. ಆಡದಿದ್ದರೇ ಚೆನ್ನ.

ಬೀಗ ರಿಪೇರಿಯವರ ಮನೆಯಿಂದ ಯಾವ ಸುದ್ದಿಯೂ ಬರಲಿಲ್ಲ. ಅತ್ತಿಗೆ ಕೇಳಲಿಲ್ಲ. ಆದರೆ ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಕಪಾಟಿನಲ್ಲಿ ಆ ಚೀಲ ಇದೆಯೇ ಎಂದು ಕೈಯಾಡಿಸುತ್ತಿದ್ದಳು. ಇದ್ದರೆ ಅಂದೆಲ್ಲ ನನ್ನ ಹೆಗಲಿಗೆ ಶನಿಕಾಟ.

ಒಂದು ಮಧ್ಯಾಹ್ನ ನಾವು ಹಾಸುಬಟ್ಟೆ ಹಿಡಿದು ನಿಂತಿದ್ದಾಗ ಆ ಹುಡುಗಿ ಬಾಗಿಲಿಗೆ ಬಂದಳು. ಹಿಂದೆ ಅವಳ ತಂದೆ. "ಒಂದು ಚೀಲ ಇಲ್ಲೇ ಬಿಟ್ಟಿದ್ದೆ" ಅಂದಳು. ನಾನು ಕೈಯಲ್ಲಿದ್ದ ಮೂಲೆಗಳನ್ನು ಬಿಟ್ಟು ಚೀಲ ತೆಗೆದುಕೊಟ್ಟೆ. ಅವಳು ತೆಗೆದುಕೊಂಡಳು. ಎದುರಿಗೆ ಬಟ್ಟೆ ಹಿಡಿದು ನಿಂತಿರುವವಳು ಯಾರೆಂದು ಅವಳಿಗೆ ಗೊತ್ತಾಯಿತು, ಕೋಲು ಗೋಡೆಗೆ ಒರಗಿತ್ತು. ಒಂದು ಸಲ ನೋಡಿ, ಬಾಗಿಲ ಕಡೆ ತಿರುಗಿದಳು. ತಂದೆ ಕೈ ಚಾಚಿ ಚೀಲ ತಾವು ಹಿಡಿದುಕೊಂಡರು, ಅವಳು ಕೊಟ್ಟಳು. ಮೆಟ್ಟಿಲ ಹತ್ತಿರ ಅವಳು, "ನಿಧಾನ ಅಪ್ಪ" ಅಂದದ್ದು ಕೇಳಿಸಿತು.

ನೂರು ಜನ ನಡೆದರೂ ಯಾರ ಹೆಜ್ಜೆ ಯಾವುದೆಂದು ಹೇಳುವ ಕಿವಿ ಅತ್ತಿಗೆಯದು. ಆದರೂ ನನ್ನನ್ನು ಕೇಳಿದಳು. "ಒಟ್ಟಿಗೇ ಹೋದ್ರಾ?"

"ಒಟ್ಟಿಗೇ ಹೋದ್ರು" ಅಂದೆ.

ಅವಳು ತಲೆ ಆಡಿಸಿದಳು. ಹಲಗೆಯ ಆಚೆ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಅವಳ ಬಲಗೈ ಒಂದು ಸಲ ಆ ಕಡೆಗೆ ಎದ್ದು, ಮತ್ತೆ ಬಟ್ಟೆಯ ಮೇಲೆ ಬಂದು ಕೂತಿತು.

"ನಿನ್ನ ಕಡೆ ಮೂಲೆ ನೆಲಕ್ಕೆ ಬಿದ್ದಿದೆ" ಅಂದಳು. "ಸರಿಯಾಗಿ ಹಿಡಿ."

ನಾನು ಬಗ್ಗಿ ಎತ್ತಿಕೊಂಡು ಹಿಡಿದೆ.